ಲೋಳೆಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ವಿಜ್ಞಾನಿಯಲ್ಲ. ಶಿವಮೊಗ್ಗದಲ್ಲಿ ಬಿ.ಕಾಂ. ಮಾಡಿ, ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ, ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಕೆನಡಾಕ್ಕೆ ಬಂದವನು. ಮಿಸ್ಸಿಸಾಗಾದಲ್ಲಿ ಸಣ್ಣಪುಟ್ಟ ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಬ್ಯಾಕ್ಟೀರಿಯಾಗಳ ಬಗ್ಗೆ ನನಗಿದ್ದ ತಿಳಿವಳಿಕೆ ಎಸ್ಸೆಸ್ಸೆಲ್ಸಿಗೇ ನಿಂತುಹೋಗಿತ್ತು. ಅದು ಮತ್ತೆ ಶುರುವಾದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ, ಅಮ್ಮನ ಮಂಚದ ಪಕ್ಕಕ್ಕೆ ತೂಗುಹಾಕಿದ್ದ ಮೂತ್ರದ ಚೀಲವನ್ನು ನೋಡುತ್ತಾ ಕೂತಿದ್ದಾಗ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಸಾಗರದ ಹತ್ತಿರದ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರಲು ಬಂದಳು. ತಂಗಿ ಶಿವಮೊಗ್ಗದಲ್ಲೇ ಇದ್ದಳು. ಆದರೆ ಅವಳ ಮನೆಯಲ್ಲಿ ಆಗಲೇ ಅತ್ತೆ ಮಾವ ಇಬ್ಬರೂ ಹಾಸಿಗೆ ಹಿಡಿದಿದ್ದರು. ಅಮ್ಮ ಬಂದ ಮೂರನೆಯ ವರ್ಷಕ್ಕೆ ಒಲೆ ಆರಿಸುವುದನ್ನು ಮರೆತಳು, ನಾಲ್ಕನೆಯ ವರ್ಷಕ್ಕೆ ಒಲೆ ಎಂದರೇನೆಂಬುದನ್ನೇ. ಅಲ್‌ಝೈಮರ್ಸ್ ಎಂದರು. ಮೆದುಳಿನಲ್ಲಿ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು, ಎಳೆ ಎಳೆಯಾಗಿ ಹೆಣೆದು, ಗಂಟುಗಳಾಗಿ ಕೂರುತ್ತದೆ, ಅದಕ್ಕೆ ಅಮಿಲಾಯ್ಡ್ ಎನ್ನುತ್ತಾರೆ ಎಂದು ಡಾಕ್ಟರು ಕಾಗದದ ಮೇಲೆ ಗೀಚಿ ತೋರಿಸಿದರು. ಈ ಕಾಯಿಲೆ ಕೆಲವು ಕುಟುಂಬಗಳಲ್ಲಿ ಬೇಗನೆ ಬರುವುದಕ್ಕೆ ಕಾರಣವಾದ ಪ್ರಿಸೆನಿಲಿನ್ ಜೀನನ್ನು 1995ರಲ್ಲಿ ಗುರುತಿಸಿದ್ದು ಇಲ್ಲೇ, ಟೊರೊಂಟೊ ವಿಶ್ವವಿದ್ಯಾಲಯದ ಪೀಟರ್ ಸೇಂಟ್ ಜಾರ್ಜ್-ಹಿಸ್ಲಪ್ ಅವರ ತಂಡ ಎಂದು ಆಮೇಲೆ ಓದಿದೆ. ಅದರಿಂದ ಅಮ್ಮನಿಗೇನೂ ಆಗಬೇಕಾದ್ದಿರಲಿಲ್ಲ. ಆದರೂ ಶತ್ರುವಿಗೆ ಒಂದು ಹೆಸರು ಸಿಕ್ಕಿದ ಸಮಾಧಾನ ನನಗೆ.

ಆ ಫೆಬ್ರವರಿಯಲ್ಲಿ ನ್ಯುಮೋನಿಯಾ ಎಂದು ಸೇರಿಸಿದ್ದೆವು. ಎರಡನೆಯ ದಿನ ಮೂತ್ರ ಕಟ್ಟಿತು, ಕ್ಯಾಥೆಟರ್ ಹಾಕಿದರು. ಹಾಕಲೇಬೇಕಿತ್ತು. ನಾಲ್ಕು ದಿನ ಕಳೆದ ಮೇಲೆ ಬೆಳಗಿನ ಪಾಳಿಯ ನರ್ಸ್ ಬಂದು, ಇನ್ನು ಇದನ್ನು ತೆಗೆಯಬಹುದು, ನಿಮಗೇನನ್ನಿಸುತ್ತದೆ ಎಂದು ಕೇಳಿದಳು. ಅಮ್ಮನ ಪರವಾಗಿ ಸಹಿ ಹಾಕುವವನು ನಾನಾದ್ದರಿಂದ ಕೇಳಿದ್ದು. ಮನೆಗೆ ಹೋಗುವವರೆಗೆ ಇರಲಿ ಎಂದೆ. ರಾತ್ರಿ ಬಚ್ಚಲುಮನೆ ಹುಡುಕಿಕೊಂಡು ಅಮ್ಮ ಎದ್ದು ಹೊರಡುತ್ತಿದ್ದಳು, ಎರಡು ಸಲ ಜಾರಿದ್ದಳು. ಟ್ಯೂಬು ಇದ್ದರೆ ಏಳುವ ತಾಪತ್ರಯವಿಲ್ಲ. ಇದು ನಾನು ಕೊಟ್ಟ ಕಾರಣ. ಕೊಡದೇ ಇದ್ದ ಕಾರಣ ಇನ್ನೊಂದಿತ್ತು. ಫೆಬ್ರವರಿ ಕೊನೆಯೊಳಗೆ ನನ್ನ ಹನ್ನೊಂದು ಗಿರಾಕಿಗಳ ನೌಕರರಿಗೆಲ್ಲ ಟಿ4 ಚೀಟಿ ಹೋಗಬೇಕಿತ್ತು. ಟ್ಯೂಬು ಇದ್ದರೆ ನಾನು ರಾತ್ರಿ ಮನೆಗೆ ಹೋಗಿ ಲ್ಯಾಪ್‌ಟಾಪ್ ತೆರೆಯಬಹುದಿತ್ತು. ನರ್ಸ್ ಏನನ್ನೋ ಬರೆದುಕೊಂಡು ಹೋದಳು. ಯಾರೂ ವಾದ ಮಾಡಲಿಲ್ಲ. ಟ್ಯೂಬು ಇನ್ನೂ ಐದು ದಿನ ಇತ್ತು.

ಒಂಬತ್ತನೆಯ ದಿನ ಸಂಜೆ ಚಳಿಜ್ವರ ಬಂತು. ರಕ್ತದಲ್ಲಿ ಇ. ಕೊಲೈ ಸಿಕ್ಕಿತು. "ಟ್ಯೂಬಿನೊಳಗೆ ಬಯೋಫಿಲ್ಮ್ ಕಟ್ಟಿದೆ. ಮೊದಲು ಅದನ್ನು ತೆಗೆದು ಎಸೆಯಬೇಕು, ಔಷಧಿ ಆಮೇಲೆ" ಎಂದ ಕಿರಿಯ ಡಾಕ್ಟರು ಅದೇನೆಂದು ವಿವರಿಸಲು ಶುರುಮಾಡಿದ. ಅವನು ಅರ್ಧ ಹೇಳುವಷ್ಟರಲ್ಲಿ ನನಗೆ ಅರ್ಥವಾಗಿತ್ತು. ಅಮ್ಮ ಅದಕ್ಕೆ ಲೋಳೆ ಎನ್ನುತ್ತಿದ್ದಳು.

ನಮ್ಮ ಮನೆಯ ಕುಡಿಯುವ ನೀರಿನ ತಾಮ್ರದ ಬಿಂದಿಗೆಯನ್ನು ದಿನ ಬಿಟ್ಟು ದಿನ ಒಳಗಿನಿಂದ ತಿಕ್ಕಬೇಕಿತ್ತು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಬಿಂದಿಗೆಯ ಕಂಠದೊಳಗೆ ದೊಡ್ಡವರ ಕೈ ಹೋಗುತ್ತಿರಲಿಲ್ಲವಾದ್ದರಿಂದ ಅದು ಮಕ್ಕಳ ಕೆಲಸ. ನನ್ನ ಕೈ ಬೆಳೆದ ಮೇಲೆ ತಂಗಿಯದು. ನೀರು ಸೋಸಿದ್ದಲ್ವಾ, ಬದಲಾಯಿಸಿದರೆ ಸಾಕಲ್ವಾ ಎಂದು ನಾವು ಗೊಣಗಿದರೆ, "ನೀರು ಬದ್ಲಾಯ್ಸಿದ್ರೆ ಲೋಳೆ ಹೋಗುತ್ತೇನ್ರೋ? ಅದು ಹಿಡ್ಕೊಂಡಿರೋದು ಪಾತ್ರೇನ, ನೀರನ್ನಲ್ಲ" ಎನ್ನುತ್ತಿದ್ದಳು.

ಇದನ್ನೇ ಬಿಲ್ ಕಾಸ್ಟರ್ಟನ್ ಎಂಬ ಕೆನಡಾದ ವಿಜ್ಞಾನಿ ಪ್ರಪಂಚಕ್ಕೆ ಹೇಳಿದ್ದು. ಕ್ಯಾಲ್ಗರಿಯಲ್ಲಿದ್ದ ಅವರು, ಬ್ಯಾಕ್ಟೀರಿಯಾಗಳು ಹೇಗೆ ಅಂಟಿಕೊಳ್ಳುತ್ತವೆ ಎಂಬುದರ ಬಗ್ಗೆ 1978ರಲ್ಲಿ ತಮ್ಮ ಸಂಗಡಿಗರೊಂದಿಗೆ 'ಸೈಂಟಿಫಿಕ್ ಅಮೆರಿಕನ್'ನಲ್ಲಿ ಬರೆದರು. ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಒಂಟಿಯಾಗಿ ಈಜಾಡುವ ಬ್ಯಾಕ್ಟೀರಿಯಾವನ್ನು ನೂರು ವರ್ಷ ನೋಡಿದವರಿಗೆ, ಹೊರಗಿನ ಜಗತ್ತಿನಲ್ಲಿ ಅದು ಹೆಚ್ಚಾಗಿ ಊರು ಕಟ್ಟಿಕೊಂಡು ಬದುಕುತ್ತದೆ ಎಂಬುದು ಹೊಸ ಸುದ್ದಿ. ಊರಿಗೆ ಗೋಡೆಯುಂಟು, ಒಳಗೆ ನೀರು ಹರಿಯುವ ಓಣಿಗಳುಂಟು. ಒಂಟಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಯ ನೂರಾರು ಪಟ್ಟನ್ನು, ಕೆಲವೊಮ್ಮೆ ಸಾವಿರ ಪಟ್ಟನ್ನು ಊರಿನೊಳಗಿನದು ತಾಳಿಕೊಳ್ಳುತ್ತದೆ. ಟೊರೊಂಟೊದ ಸಿಕ್‌ಕಿಡ್ಸ್‌ನಲ್ಲಿ ಲಿನ್ ಹೋವೆಲ್ ಅವರ ತಂಡ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕಟ್ಟುವ ಇಂಥ ಗೋಡೆಯ ಸಕ್ಕರೆಯನ್ನು ಕತ್ತರಿಸುವ ಎಂಜೈಮುಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಸಿಸ್ಟಿಕ್ ಫೈಬ್ರೋಸಿಸ್ ಮಕ್ಕಳ ಶ್ವಾಸಕೋಶದಲ್ಲಿ ಬೇರೂರುವುದು ಅದೇ.

ಇ. ಕೊಲೈಯ ಗೋಡೆಗೆ ಏನು ಹಾಕುತ್ತಾರೆ ಎಂದು ಓದುತ್ತಾ ಹೋದಾಗಲೇ ನಾನು ಬೆಚ್ಚಿದ್ದು. ಅಮಿಲಾಯ್ಡ್.

ನಂಬಲಿಲ್ಲ. ಬೇರೆ ಯಾವುದೋ ಪದ ಇರಬೇಕೆಂದು ಎರಡು ಸಲ ಓದಿದೆ. 1989ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇ. ಕೊಲೈಯ ಮೈಮೇಲೆ ಸುರುಳಿ ಸುರುಳಿಯಾದ ಎಳೆಗಳನ್ನು ಕಂಡು ಅವಕ್ಕೆ ಕರ್ಲಿ ಎಂದು ಹೆಸರಿಟ್ಟರು. ಒಂದೊಂದು ಎಳೆಯೂ ತಲೆಗೂದಲಿಗಿಂತ ಸುಮಾರು ಹತ್ತು ಸಾವಿರ ಪಟ್ಟು ತೆಳು. ಸೋಪಿನ ದ್ರಾವಣದಲ್ಲಿ ಕುದಿಸಿದರೂ ಬಿಚ್ಚುವುದಿಲ್ಲ. ಬಿಚ್ಚಲು ಗಟ್ಟಿ ಫಾರ್ಮಿಕ್ ಆಮ್ಲವೇ ಬೇಕು. 2002ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮ್ಯಾಥ್ಯೂ ಚಾಪ್‌ಮನ್ ಮತ್ತು ಸಂಗಡಿಗರು ಇದು ಅಮಿಲಾಯ್ಡೇ ಎಂದು ತೋರಿಸಿದರು. ರೋಗಿಗಳ ಅಂಗಾಂಶದಲ್ಲಿ ಅಮಿಲಾಯ್ಡ್ ಹುಡುಕಲು 1920ರ ದಶಕದಿಂದ ಬಳಸುತ್ತಿರುವ, ಹತ್ತಿಬಟ್ಟೆಗೆಂದು ತಯಾರಾದ ಕಾಂಗೋ ರೆಡ್ ಬಣ್ಣವನ್ನೇ ತಟ್ಟೆಯಲ್ಲಿ ಬೆರೆಸಿದರೆ ಕರ್ಲಿ ಇರುವ ಇ. ಕೊಲೈ ಕೆಂಪಗೆ ಬೆಳೆಯುತ್ತದೆ. ಅಮ್ಮನ ಮೆದುಳಿನ ಎಳೆಯ ಪ್ರೋಟೀನು ಬೇರೆ, ಇದರ ಪ್ರೋಟೀನು ಬೇರೆ. ಮಡಿಕೆಯ ರೀತಿ ಒಂದೇ.

ವ್ಯತ್ಯಾಸವಿರುವುದು ಇಷ್ಟು: ಅಮ್ಮನಲ್ಲಿ ಅದು ಅಪಘಾತ, ಬ್ಯಾಕ್ಟೀರಿಯಾದಲ್ಲಿ ಕಸುಬು. ಅದಕ್ಕೇ ವಿಜ್ಞಾನಿಗಳು ಇದನ್ನು ಕೆಲಸ ಮಾಡುವ ಅಮಿಲಾಯ್ಡ್ ಎನ್ನುತ್ತಾರೆ. ಮತ್ತು ಆ ಕಸುಬಿನ ಶಿಸ್ತು ನೋಡಿದರೆ ನನ್ನ ಗಿರಾಕಿಗಳಲ್ಲಿ ಒಬ್ಬರಿಗೂ ಅಂಥ ಇಂಟರ್ನಲ್ ಕಂಟ್ರೋಲ್ ಇಲ್ಲ. ಎಳೆಯ ಇಟ್ಟಿಗೆಯಾದ ಪ್ರೋಟೀನು ಜೀವಕೋಶದ ಒಳಗೇ ಹೆಣೆದುಕೊಂಡರೆ ಬ್ಯಾಕ್ಟೀರಿಯಾಕ್ಕೇ ಅಪಾಯ. ಆದ್ದರಿಂದ ಹೊರಬಾಗಿಲು ದಾಟುವವರೆಗೆ ಅದು ಬಿಡಿಬಿಡಿಯಾಗಿರಬೇಕು. ಒಳಗೆ ಹೆಣೆಯದಂತೆ ತಡೆಯಲು ಒಂದು ಕಾವಲು ಪ್ರೋಟೀನು, ಬಾಗಿಲಿಗೆ ಕರೆದೊಯ್ಯಲು ಇನ್ನೊಂದು, ಬಾಗಿಲೇ ಇನ್ನೊಂದು. ಹೊರಗೆ ಹೋದ ಮೇಲೂ ಅಲ್ಲಿ ನೆಟ್ಟ ಗೂಟದಂತಿರುವ ಮತ್ತೊಂದು ಪ್ರೋಟೀನಿನ ಮೇಲೆ ಮಾತ್ರ ಹೆಣಿಗೆ ಶುರುವಾಗಬೇಕು. ಲೆಕ್ಕಿಗನಾಗಿ ನನಗೆ ತುಂಬ ಹಿಡಿಸಿದ್ದು ಇದು: ಒಂದು ಬ್ಯಾಕ್ಟೀರಿಯಾ ಹೊರಬಿಟ್ಟ ಇಟ್ಟಿಗೆ ಪಕ್ಕದ ಬ್ಯಾಕ್ಟೀರಿಯಾದ ಗೂಟದ ಮೇಲೂ ಹೆಣೆದುಕೊಳ್ಳಬಲ್ಲದು. ಖರ್ಚು ಒಬ್ಬರ ಪುಸ್ತಕದಲ್ಲಿ, ಆಸ್ತಿ ಇನ್ನೊಬ್ಬರ ಪುಸ್ತಕದಲ್ಲಿ. ಗೋಡೆ ಮಾತ್ರ ಎಲ್ಲರದು. ಇದನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಯಾವ ಬ್ಯಾಕ್ಟೀರಿಯಾವನ್ನೂ ಬೊಟ್ಟುಮಾಡಿ ತೋರಿಸುವಂತಿಲ್ಲ.

ಪ್ರಯೋಗಾಲಯದ ಹೆಚ್ಚಿನ ಇ. ಕೊಲೈಗಳು ಕರ್ಲಿ ನೇಯುವುದು 30 ಡಿಗ್ರಿಗಿಂತ ತಂಪಿನಲ್ಲಿ. ರೋಗಿಗಳ ಮೂತ್ರದಿಂದ, ರಕ್ತದಿಂದ ಹಿಡಿದ ಕೆಲವು ತಳಿಗಳು ಮೈಬಿಸಿಯಲ್ಲೂ ನೇಯುತ್ತವೆ. ಆಸ್ಪತ್ರೆಯ ಲ್ಯಾಬಿನವರು ಅಷ್ಟೆಲ್ಲ ನೋಡುವುದಿಲ್ಲ. ಅಮ್ಮನ ರಿಪೋರ್ಟಿನಲ್ಲಿದ್ದದ್ದು ಹೆಸರು ಮತ್ತು ಯಾವ ಔಷಧಿ ಕೇಳುತ್ತದೆ ಎಂಬ ಪಟ್ಟಿ, ಅಷ್ಟೇ.

ಅಮ್ಮ ಬದುಕಿ ಮನೆಗೆ ಬಂದಳು. ಆದರೆ ಅದಕ್ಕೆ ಮೊದಲು, ಎಲ್ಲರ ಹೆಸರನ್ನೂ ಕಲಸುಮೇಲೋಗರ ಮಾಡಿದರೂ ನನ್ನನ್ನು ಮನೆಯ ಹೆಸರಿನಿಂದ ಕರೆಯುತ್ತಿದ್ದವಳು, ಬಂದ ಮೇಲೆ ಕರೆಯಲಿಲ್ಲ. ನಾನು ಕೋಣೆಗೆ ಹೋದರೆ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದಳು. ಹೆತ್ತ ತಾಯಿಯ ಬಾಯಲ್ಲಿ ಬಹುವಚನ ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ಕನ್ನಡದವರಿಗೆ ವಿವರಿಸಬೇಕಾಗಿಲ್ಲ. 2024ರ ಮಾರ್ಚಿನಲ್ಲಿ ತೀರಿಕೊಂಡಳು.

ನಮ್ಮ ವೃತ್ತಿಯಲ್ಲಿ ತಾಳೆಯಾಗದ ಮೊತ್ತವನ್ನು ಸದ್ಯಕ್ಕೆ ಸಸ್ಪೆನ್ಸ್ ಖಾತೆಗೆ ಹಾಕಿ ಮುಂದೆ ಹೋಗುತ್ತೇವೆ. ಆ ಬಹುವಚನವನ್ನು ಯಾವ ಖಾತೆಗೆ ಬರೆಯಲಿ? ಮೆದುಳಿನ ಅಮಿಲಾಯ್ಡಿಗೋ, ಟ್ಯೂಬಿನ ಗೋಡೆಗೋ, ವಯಸ್ಸಿಗೋ, ನನಗೋ?

ಲೆಕ್ಕ ಮಾಡಿ ನೋಡಿದೆ. ಕ್ಯಾಥೆಟರ್ ಇದ್ದಷ್ಟು ದಿನ, ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವ ಸಾಧ್ಯತೆ ದಿನಕ್ಕೆ 3ರಿಂದ 7 ಶೇಕಡಾ ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ; ಜ್ವರದವರೆಗೆ ಹೋಗುವುದು ಅದರಲ್ಲಿ ಸಣ್ಣ ಪಾಲು. ನಡುವಿನ 5 ಹಿಡಿದು ಚಕ್ರಬಡ್ಡಿಯ ಹಾಗೆ ಕಟ್ಟಿದರೆ ನಾಲ್ಕು ದಿನಕ್ಕೆ ಶೇ. 19, ಒಂಬತ್ತು ದಿನಕ್ಕೆ ಶೇ. 37. ನಾನು ಸೇರಿಸಿದ್ದು 18. ರಾತ್ರಿ ಎರಡು ಗಂಟೆಗೆ ಎಕ್ಸೆಲ್‌ನಲ್ಲಿ ಈ ಹದಿನೆಂಟನ್ನು ನೋಡಿ ಏನೋ ಒಂದು ಇತ್ಯರ್ಥವಾದ ಹಾಗೆ ಮಲಗಿದೆ. ಬೆಳಗ್ಗೆ ಎದ್ದಾಗ ನಾಚಿಕೆಯಾಯಿತು. ತಾಯಿಯ ವಿಷಯದಲ್ಲಿ ಶೇಕಡಾವಾರು ಹೊಣೆ ಹೊರುವವನು ಎಂಥ ಮಗ?

ಆಮೇಲೆ ಇನ್ನೊಂದು ದಾರಿ ಹಿಡಿದೆ. ಪ್ರಕೃತಿಯಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದೇ ಇಲ್ಲ, ಅಮಿಲಾಯ್ಡ್ ಕೆಟ್ಟದ್ದು ಎಂಬುದೇ ನಮ್ಮ ತಪ್ಪು ವರ್ಗೀಕರಣ ಎಂಬ ದಾರಿ. ಅದಕ್ಕೆ ಆಧಾರವೂ ಬೇಕಾದಷ್ಟಿತ್ತು. ಹೆಸರೇ ತಪ್ಪು: 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಶೋ ಅಯೋಡಿನ್ ಹಾಕಿದಾಗ ಬಣ್ಣ ಬದಲಾದದ್ದನ್ನು ಕಂಡು ಇದು ಪಿಷ್ಟದಂಥದ್ದು ಎಂದು ಅಮಿಲಾಯ್ಡ್ ಎಂದ. ಐದೇ ವರ್ಷದಲ್ಲಿ ಅದು ಪಿಷ್ಟವಲ್ಲ, ಪ್ರೋಟೀನಿನಂಥದ್ದು ಎಂದು ಗೊತ್ತಾಯಿತು. ತಪ್ಪು ಖಾತೆಗೆ ಬಿದ್ದ ನಮೂದನ್ನು ಇಂದಿನವರೆಗೂ ಯಾರೂ ಸರಿಪಡಿಸಿಲ್ಲ! ನಮ್ಮ ಚರ್ಮಕ್ಕೆ, ಕೂದಲಿಗೆ ಕಪ್ಪು ಕೊಡುವ ಮೆಲನಿನ್ ಕೂರುವುದೂ ಅಮಿಲಾಯ್ಡ್ ಎಳೆಯ ಚೌಕಟ್ಟಿನ ಮೇಲೇ ಎಂದು 2006ರಲ್ಲಿ ತೋರಿಸಿದ್ದಾರೆ. ಹಾಗೆ ನೋಡಿದರೆ ಎಂಬತ್ತರ ಹತ್ತಿರ ಬಂದರೂ ಪೂರ್ತಿ ನರೆಯದಿದ್ದ ಅಮ್ಮನ ತುರುಬೂ ಅಮಿಲಾಯ್ಡಿನ ಕೃಪೆಯೇ. ಇನ್ನೂ ವಿಚಿತ್ರವೆಂದರೆ, ಬಾಸ್ಟನ್ನಿನಲ್ಲಿ ರಾಬರ್ಟ್ ಮೋಯರ್ ಮತ್ತು ರುಡಾಲ್ಫ್ ಟಾಂಝಿ ಅವರ ತಂಡ 2016ರಲ್ಲಿ ಇಲಿಗಳ ಮೆದುಳಿಗೆ ಸಾಲ್ಮೊನೆಲ್ಲಾ ಹೊಗಿಸಿ ನೋಡಿದಾಗ, ಅಲ್‌ಝೈಮರ್ಸ್‌ನ ಅದೇ ಎಳೆಗಳು ಬ್ಯಾಕ್ಟೀರಿಯಾವನ್ನು ಬಲೆಯಂತೆ ಸುತ್ತಿಕೊಂಡು ಇಲಿಗಳನ್ನು ಹೆಚ್ಚು ಕಾಲ ಉಳಿಸಿದವು. ಅಂದರೆ ನಾನು ಶತ್ರು ಎಂದುಕೊಂಡದ್ದು ಒಂದು ಕಾಲಕ್ಕೆ ಕಾವಲುಗಾರನಾಗಿ ಬಂದು ಆಮೇಲೆ ಹೋಗದೇ ಉಳಿದದ್ದೂ ಇರಬಹುದು.

ಇದೆಲ್ಲ ಓದಲು ಚೆನ್ನಾಗಿದೆ. ನನಗೆ ಅನುಮಾನ ಬಂದದ್ದು ಇದು ನನಗೆ ಎಷ್ಟು ಅನುಕೂಲವಾಗಿದೆ ಎಂಬುದನ್ನು ಗಮನಿಸಿದಾಗ. ಎಳೆಗೆ ಪಾಪಪುಣ್ಯವಿಲ್ಲ, ನಿಜ. ಬ್ಯಾಕ್ಟೀರಿಯಾಕ್ಕೆ ಯಾರೂ "ನಿಮಗೇನನ್ನಿಸುತ್ತದೆ" ಎಂದು ಕೇಳಿರಲಿಲ್ಲ. ನನ್ನನ್ನು ಕೇಳಿದ್ದರು.

ಟೊರೊಂಟೊದಲ್ಲಿ 2008ರ ಬೇಸಿಗೆಯಲ್ಲಿ ಇದ್ದವರಿಗೆ ಬಾರ್ಟರ್ ರಸ್ತೆಯ ಮಾಂಸದ ಕಾರ್ಖಾನೆ ನೆನಪಿರುತ್ತದೆ. ಮೇಪಲ್ ಲೀಫ್ ಫುಡ್ಸ್‌ನ ಆ ಕಾರ್ಖಾನೆಯ ಹಲ್ಲೆ ಕತ್ತರಿಸುವ ಯಂತ್ರಗಳ ಒಳಸಂದುಗಳಲ್ಲಿ ಲಿಸ್ಟೀರಿಯಾ ಮನೆಮಾಡಿತ್ತು. ಅದು ಬೇರೆ ಬ್ಯಾಕ್ಟೀರಿಯಾ, ಇ. ಕೊಲೈಯ ಕರ್ಲಿ ಅದಕ್ಕಿಲ್ಲ. ಆದರೆ ಲೋಳೆ ಕಟ್ಟುವುದರಲ್ಲಿ ಅದೂ ಕಡಿಮೆಯದಲ್ಲ. ದಿನವೂ ಯಂತ್ರ ತೊಳೆಯುತ್ತಿದ್ದರು, ಸಂದಿನೊಳಕ್ಕೆ ಕುಂಚ ಹೋಗುತ್ತಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ವೃದ್ಧರು, ಆರೈಕೆ ಮನೆಗಳಲ್ಲೋ ಆಸ್ಪತ್ರೆಯಲ್ಲೋ ಇದ್ದವರು. ಸರ್ಕಾರ ನೇಮಿಸಿದ ಶೀಲಾ ವೆದರಿಲ್ 2009ರಲ್ಲಿ ಕೊಟ್ಟ ವರದಿ ಓದಿದರೆ ಅಲ್ಲಿ ಖಳನಾಯಕ ಸಿಗುವುದಿಲ್ಲ. ಮೊದಲೂ ಹಲವು ಸಲ ಕಾರ್ಖಾನೆಯಲ್ಲಿ ಲಿಸ್ಟೀರಿಯಾ ಕಾಣಿಸಿಕೊಂಡಿತ್ತು. ಪ್ರತಿ ಸಲವೂ ಆ ಜಾಗ ತೊಳೆದು ಸರಿಹೋಯಿತೆಂದುಕೊಂಡಿದ್ದರು. ಆ ಬಿಡಿ ಬಿಡಿ ನಮೂದುಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಯಾರೂ ನೋಡಿರಲಿಲ್ಲ.

ಆಗ ಕಂಪನಿಯ ಮುಖ್ಯಸ್ಥ ಮೈಕೆಲ್ ಮೆಕೇನ್ ಟಿ.ವಿ.ಯಲ್ಲಿ ಕ್ಷಮೆ ಕೇಳಿದರು. ಈ ವಿಷಯದಲ್ಲಿ ಇಬ್ಬರು ಸಲಹೆಗಾರರ ಮಾತಿಗೆ ಕಿವಿಗೊಟ್ಟಿಲ್ಲ, ಒಬ್ಬರು ವಕೀಲರು, ಇನ್ನೊಬ್ಬರು ಲೆಕ್ಕಿಗರು ಎಂದೂ ಹೇಳಿದರು. ನಾನಾಗ ಇಟೋಬಿಕೋದಲ್ಲಿ ಗಂಟೆ ಲೆಕ್ಕದ ಬುಕ್‌ಕೀಪರ್ ಆಗಿದ್ದುಕೊಂಡು ಇಲ್ಲಿನ ಸಿ.ಜಿ.ಎ. ಪರೀಕ್ಷೆಗೆ ಓದುತ್ತಿದ್ದೆ. ಸಿಟ್ಟು ಬಂದಿತ್ತು. ಲೆಕ್ಕ ಬರೆಯುವವನೇ ಕಲ್ಲೆದೆಯವನು ಎಂಬ ಹಾಗೆ! ಈಗ ಅದನ್ನು ಬೇರೆ ರೀತಿ ಕೇಳಿಸಿಕೊಳ್ಳುತ್ತೇನೆ. ನಮ್ಮ ಶಾಸ್ತ್ರದಲ್ಲಿ ಮೆಟೀರಿಯಾಲಿಟಿ ಎಂಬ ಒಂದು ಗೆರೆ ಇದೆ. ಆ ಗೆರೆಗಿಂತ ಕೆಳಗಿನ ಮೊತ್ತ ಗಣನೆಗೆ ಬಾರದ್ದು, ಬಿಟ್ಟುಬಿಡಬಹುದು. ಅದಿಲ್ಲದೆ ಯಾವ ಆಡಿಟ್ಟೂ ಮುಗಿಯುವುದಿಲ್ಲ, ಗೆರೆಯೇ ತಪ್ಪು ಎಂದು ನಾನು ಹೇಳಲಾರೆ. ಆದರೆ ಲೋಳೆ ಕಟ್ಟುವುದು ಆ ಗೆರೆಯ ಕೆಳಗೇ. ನರ್ಸ್ ಇನ್ನೊಂದು ಸಲ ಒತ್ತಾಯಿಸದಿದ್ದದ್ದು, ಡಾಕ್ಟರು ದಿನವೂ ಕೇಳದಿದ್ದದ್ದು, ನಾನು ಇರಲಿ ಎಂದದ್ದು, ಒಂದೊಂದೂ ಸಣ್ಣದು, ಒಂದೊಂದಕ್ಕೂ ಕಾರಣವಿತ್ತು. 2014ರಲ್ಲಿ ಟೊರೊಂಟೊದಿಂದಲೇ ಶುರುವಾದ ಚೂಸಿಂಗ್ ವೈಸ್ಲಿ ಕೆನಡಾ ಎಂಬ ವೈದ್ಯರ ಅಭಿಯಾನ, ಬೇಡದ ಕ್ಯಾಥೆಟರ್ ತೆಗೆಸುವುದಕ್ಕೆಂದೇ ಒಂದು ಕೈಪಿಡಿ ಮಾಡಿದೆ. ಅನುಕೂಲಕ್ಕೆಂದು ಇಟ್ಟುಕೊಳ್ಳಬೇಡಿ ಎಂಬುದೇ ಅದರ ಸಾರ. ಗೊತ್ತಿಲ್ಲದೆ ಆದದ್ದಲ್ಲ ಇದು.

ಇಷ್ಟು ಜನರ ಕೈ ಇದ್ದ ಮೇಲೆ ನನ್ನ ಪಾಲು ಎಷ್ಟು ಎಂಬ ಪ್ರಶ್ನೆಗೆ ಉತ್ತರ ನಾನು ಬಿ.ಕಾಂ.ನಲ್ಲೇ ಬಾಯಿಪಾಠ ಮಾಡಿದ್ದೆ. 1932ರ ಪಾಲುದಾರಿಕೆ ಕಾಯ್ದೆಯ 25ನೆಯ ಕಲಂ: ಪ್ರತಿಯೊಬ್ಬ ಪಾಲುದಾರನೂ ಜಂಟಿಯಾಗಿಯೂ ಹೊಣೆ, ಪ್ರತ್ಯೇಕವಾಗಿಯೂ ಹೊಣೆ. ಸಾಲ ಕೊಟ್ಟವನು ಯಾವ ಒಬ್ಬನ ಬಾಗಿಲಿಗೆ ಬಂದು ಪೂರ್ತಿ ಕೇಳಿದರೂ, ನನ್ನದು ಶೇ. 18 ಮಾತ್ರ ಎಂದು ಅವನು ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ. ಗುಂಪಿನಲ್ಲಿ ಕಟ್ಟಿದ ಕೇಡಿಗೆ ಇದಕ್ಕಿಂತ ನ್ಯಾಯವಾದ ನಿಯಮ ನನಗೆ ತೋಚುತ್ತಿಲ್ಲ. ಹೊಣೆ ಹಂಚಿದಷ್ಟೂ ಕಡಿಮೆಯಾಗುತ್ತದೆ ಎಂದರೆ, ಸಾಕಷ್ಟು ಜನ ಸೇರಿ ಮಾಡಿದ ಯಾವುದನ್ನೂ ಯಾರೂ ಮಾಡಿಲ್ಲ ಎಂದಾಗುತ್ತದೆ.

ಹಾಗಂತ ಅಮ್ಮನನ್ನು ನಾನೇ ಹೀಗೆ ಮಾಡಿದೆ ಎಂದು ಎದೆ ಬಡಿದುಕೊಳ್ಳುವುದರಲ್ಲೂ ನನಗೆ ನಂಬಿಕೆಯಿಲ್ಲ. ಅದರಲ್ಲಿ ಒಂದು ಬಗೆಯ ದೊಡ್ಡಸ್ತಿಕೆ ಇದೆ. ಮೂರನೆಯ ಸಲ ಜಾರಿದ್ದರೆ ಸೊಂಟ ಮುರಿಯುತ್ತಿತ್ತೋ ಏನೋ. ನಾನು ತೀರಿಸಬೇಕಾದದ್ದು ಬೇರೆಯೇ ಇತ್ತು. ಮೆಟೀರಿಯಾಲಿಟಿಗೆ ಒಂದು ವಿನಾಯಿತಿ ಇದೆ: ಕೆಲವು ನಮೂದುಗಳು ಮೊತ್ತ ಸಣ್ಣದಿದ್ದರೂ ಸ್ವಭಾವದಿಂದಲೇ ಗಣನೆಗೆ ಬರುತ್ತವೆ. ತನ್ನವರ ಜೊತೆಗಿನ ವ್ಯವಹಾರ ಅದರಲ್ಲಿ ಮುಖ್ಯವಾದದ್ದು. ಕಂಪನಿಯ ಯಜಮಾನ ತನ್ನ ತಮ್ಮನಿಗೆ ಸಣ್ಣ ಸಾಲ ಕೊಟ್ಟಿದ್ದರೂ ಅದನ್ನು ಮುಚ್ಚಿಡದೆ ಹೇಳಬೇಕು.

ಅಮ್ಮ ಮನೆಗೆ ಬಂದ ವಾರ ತಂಗಿ ಫೋನಿನಲ್ಲಿ ಕೇಳಿದ್ದಳು, "ಏನಾಯ್ತೋ ಅಣ್ಣ, ನನ್ನ ಹೆಸರಿರಲಿ, ನಿನ್ನ ಹೆಸರೂ ಹೇಳ್ತಿಲ್ವಲ್ಲ?" ಎಂದು. "ಇನ್ಫೆಕ್ಷನ್ ಆಗಿತ್ತು. ವಯಸ್ಸಾಗಿದೆ ಅಲ್ವಾ" ಎಂದಿದ್ದೆ. ಎರಡೂ ನಿಜ. ನನ್ನ ಗಿರಾಕಿಯೊಬ್ಬ ಇಂಥ ಎರಡು ನಿಜಗಳನ್ನು ಬರೆದು ಮೂರನೆಯದನ್ನು ಬಿಟ್ಟಿದ್ದರೆ ನಾನು ಆ ಪುಸ್ತಕಕ್ಕೆ ಸಹಿ ಹಾಕುತ್ತಿರಲಿಲ್ಲ.

ಈ ಸಂಕಲನಕ್ಕೆ ಬರೆಯಲು ಒಪ್ಪಿಕೊಂಡ ಮೇಲೆ, ಅಚ್ಚಾದದ್ದನ್ನು ಓದಿ ಅವಳಿಗೆ ಗೊತ್ತಾಗುವುದು ಸರಿಯಲ್ಲ ಎನ್ನಿಸಿ, ಕಳೆದ ಭಾನುವಾರ ಇಲ್ಲಿ ಬೆಳಗ್ಗೆ, ಅಲ್ಲಿ ಸಂಜೆ, ಫೋನು ಮಾಡಿದೆ. ಟ್ಯೂಬು, ನರ್ಸು, ಟಿ4 ಚೀಟಿ, ಎಲ್ಲ ಹೇಳಿದೆ. ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಅವಳು ಎದ್ದುಹೋಗಿ ಒಲೆ ಆರಿಸಿ ಬಂದಳು.

"ಗೊತ್ತು ಕಣೋ" ಎಂದಳು. "ಅತ್ತಿಗೆ ಆಗ್ಲೇ ಹೇಳಿದ್ರು. ನೀನೇ ಯಾವಾಗ ಹೇಳ್ತೀಯೋ ಅಂತ ಕಾಯ್ತಿದ್ದೆ."